ಸಿಂಗಪುರಕ್ಕೆ ತಿರುಗಿದ ಫೋನು

"ನಿಮ್ಮ ಪುನೀತ್ ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಲ್ವಾ! ನಿನ್ನೆ ಅರ್ಧ ಗಂಟೆ ಫೋನಲ್ಲಿದ್ವಿ ಕಣ್ರೀ. ಟೈಮ್ ಹೋಗಿದ್ದೇ ಗೊತ್ತಾಗ್ಲಿಲ್ಲ."

ಹೀಗೆಂದವಳು ಚಾಮುಂಡೇಶ್ವರಿ. ಮೈಸೂರಿನ ಹೆಬ್ಬಾಳದ ಕಂಪನಿಯೊಂದರಲ್ಲಿ ಎಚ್.ಆರ್. ಆಗಿದ್ದಳು. ಆಫೀಸಿನ ರಾಜ್ಯೋತ್ಸವಕ್ಕೆ ಮೈಸೂರು ಪೇಟ ಕೊಳ್ಳಲು ಕೆಸರೆಯ ಅಂಗಡಿಗೆ ಬಂದಿದ್ದಳು.

"ಎಷ್ಟು ಪೇಟಕ್ಕೆ ಹೇಳಿದ್ರಿ ಮೇಡಂ?" ಸಿಂಚನ ಕೇಳಿದಳು.

"ಎರಡು."

ಎರಡು ಪೇಟಕ್ಕೆ ಅರ್ಧ ಗಂಟೆ! ಸಿಂಚನ ನಗುನಗುತ್ತಲೇ ಪೇಟಗಳನ್ನು ಡಬ್ಬಿಗೆ ಹಾಕಿದಳು. ಅಂಟುಪಟ್ಟಿಯನ್ನು ಮಾತ್ರ ಯಾರದೋ ಬಾಯಿಗೆ ಹಚ್ಚುವಂತೆ ಒತ್ತಿ ಹಚ್ಚಿದಳು.

ಅಂಗಡಿ ಪುನೀತನದು, ಕೈಕೆಲಸ ಸಿಂಚನಳದು. ನಾಲ್ಕು ವರ್ಷದಿಂದ ಅವನು ಗಿರಾಕಿಗಳನ್ನು ಮಾತಾಡಿಸುತ್ತಾ ಬಂದಿದ್ದಾನೆ, ಇವಳು ರೇಷ್ಮೆಗೆ ನೆರಿಗೆ ಹಿಡಿದು ಜರಿಯಂಚು ಕೂರಿಸುತ್ತಾ ಬಂದಿದ್ದಾಳೆ. ಈಗ ಎರಡು ತಿಂಗಳಿಂದ ಅವನು ಸಿಂಗಪುರದಲ್ಲಿದ್ದ. ಅಲ್ಲಿಯ ನಮ್ಮವರ ಮದುವೆಗಳಲ್ಲಿ ಬೀಗರಿಗೆಲ್ಲ ಪೇಟ ಸುತ್ತುವ ಕೆಲಸ. ಹೋಗುವ ಮುಂಚೆ ಅಂಗಡಿಯ ನಂಬರನ್ನು ಯಾವುದೋ ಇಂಟರ್‌ನೆಟ್ ಫೋನ್ ಸೇವೆಗೆ ಜೋಡಿಸಿ, ಬಂದ ಕರೆಗಳೆಲ್ಲ ಅಲ್ಲಿ ತನ್ನ ಮೊಬೈಲಿಗೇ ತಲುಪುವಂತೆ ಮಾಡಿ ಹೋಗಿದ್ದ. ಮೈಸೂರಿನ ನಂಬರಿಗೆ ಫೋನ್ ಮಾಡಿದವರಿಗೆ ಅವನು ದೇಶ ಬಿಟ್ಟಿರುವುದು ಸಹ ತಿಳಿಯುತ್ತಿರಲಿಲ್ಲ.

ಎಂಥಾ ಅನುಕೂಲ ನೋಡಿ. ಊರಿಗೆ ಊರೇ ಪುನೀತನ ದನಿ ಕೇಳುತ್ತಿತ್ತು. ಸಿಂಚನಳಿಗೆ ಸಿಗುತ್ತಿದ್ದದ್ದು ಮೆಸೇಜು. "ಹತ್ತು ಪೇಟ, ಕೆಂಪು ಅಂಚು, ಗುರುವಾರ." ಬಾಯಿಮಾತಿನ ಆರ್ಡರ್ ಎಡವಟ್ಟಾಗುತ್ತದೆ ಎಂಬುದು ಅವನ ನೆಪ. ನಿಜ ಹೇಳಬೇಕೆಂದರೆ, ಜಗತ್ತಿನ ಜೊತೆ ಅರಳು ಹುರಿದಂತೆ ಮಾತಾಡುವ ಆ ಗಂಡಸಿಗೆ ಇವಳೆದುರು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಅದು ಸಿಂಚನಳಿಗೆ ತಿಳಿಯದು. ತನ್ನ ಹತ್ತಿರ ಮಾತಾಡುವುದಕ್ಕೆ ಅವನಿಗೆ ಏನೂ ಇಲ್ಲ ಎಂದೇ ಅವಳು ನಂಬಿದ್ದಳು.

ಅದರ ಮೇಲೆ ಬೆಳಿಗ್ಗೆ ಇನ್ನೊಂದು ಮೆಸೇಜು ಬಂದಿತ್ತು. "ಇನ್ನೊಂದು ವರ್ಷ ಇಲ್ಲೇ ಇರಿ ಅಂತಿದಾರೆ. ಇವತ್ತು ಸಂಜೆ ಹೇಳಬೇಕು. ಏನನ್ನಲಿ?"

ಕೂಗಿ ಹೇಳಬೇಕೆನ್ನಿಸಿದ್ದು ಒಂದು. ಅವಳ ಬೆರಳು ಬರೆದದ್ದು ಇನ್ನೊಂದು: "ನಿಮ್ಮಿಷ್ಟ."

ಚಾಮುಂಡೇಶ್ವರಿಯ ಸ್ಕೂಟರ್ ತಿರುವು ದಾಟಿತೋ ಇಲ್ಲವೋ, ಸಿಂಚನ ಪಕ್ಕದ ಮನೆಯ ಭಾಗ್ಯಮ್ಮನ ಮೊಬೈಲು ಇಸಿದುಕೊಂಡು ಬಂದಳು. ಅದೇನು ಅಷ್ಟು ಚೆನ್ನಾಗಿ ಮಾತಾಡ್ತಾನೋ ನೋಡೇ ಬಿಡೋಣ. ಅಂಗಡಿಯೊಳಗೇ ಕೂತು ಅಂಗಡಿಯ ನಂಬರು ಒತ್ತಿದಳು.

"ನಮಸ್ಕಾರ, ಪೇಟದಂಗಡಿ. ಹೇಳಿ!"

ಆ ದನಿ ಕಿವಿಗೆ ಬಿದ್ದದ್ದೇ ಸಿಂಚನ ಬೆನ್ನು ನೆಟ್ಟಗೆ ಮಾಡಿ ಕೂತಳು. ದನಿ ತೆಳ್ಳಗೆ ಮಾಡಿದಳು. "ನಾನು ಭಾಗ್ಯಮ್ಮ ಅಂತ. ಹೂಟಗಳ್ಳಿಯಿಂದ. ಮದ್ವೆ ಗಂಡಿಗೆ ಒಂದು ಪೇಟ ಬೇಕಿತ್ತು."

"ಆಹಾ, ಶುಭ ಸಮಾಚಾರ! ಒಂದೇ ಆದ್ರೂ ರಾಜನಂಗೆ ಕಾಣೋ ಅಂಥದ್ದು ಮಾಡ್ಕೊಡ್ತೀವಿ ಬುಡಿ. ಊಟ ಆಯ್ತಾ ಭಾಗ್ಯಮ್ಮನೋರೆ?"

ಊಟ ಆಯ್ತಾ! ಎರಡು ತಿಂಗಳಲ್ಲಿ ಒಂದು ದಿನವೂ ಸಿಂಚನಳ ಊಟ ವಿಚಾರಿಸಿದವನಲ್ಲ.

"ಆಯ್ತು," ಎಂದಳು ಹಲ್ಲು ಕಚ್ಚಿ.

"ಯಾಕೋ ದನಿ ಸಪ್ಪಗಿದೆಯಲ್ಲ? ಮದ್ವೆ ಮನೆ ಓಡಾಟ, ಸುಸ್ತಾಗಿದೀರಾ ಅನ್ಸತ್ತೆ. ದನಿ ಚೆನ್ನಾಗಿದೆ, ಕಾಪಾಡ್ಕೊಳ್ಳಿ."

ಸಿಂಚನಳ ಕಿವಿ ಬಿಸಿಯಾಯಿತು. ಯಾರಿವಳು ಭಾಗ್ಯಮ್ಮ, ಇವಳ ದನಿ ಕಟ್ಟಿಕೊಂಡು ಇವನಿಗೇನು? ಆ ಗಳಿಗೆಯಲ್ಲಿ ಭಾಗ್ಯಮ್ಮ ಎದುರಿಗಿದ್ದಿದ್ದರೆ ಜಡೆ ಹಿಡಿದು ಎಳೆಯುತ್ತಿದ್ದಳೇನೋ. ತಾನೇ ಭಾಗ್ಯಮ್ಮ ಎಂಬುದು ಆ ಕೋಪದಲ್ಲಿ ಯಾರಿಗೆ ನೆನಪಿರುತ್ತದೆ?

"ಗಂಡಿನ ತಲೆ ಅಳತೆ ಹೇಳ್ತೀರಾ?"

ಅವಳು ಅದನ್ನು ಯೋಚಿಸಿರಲಿಲ್ಲ. ನಾಲ್ಕು ವರ್ಷ ಪ್ರತಿ ಹೊಸ ಪೇಟವನ್ನೂ ಅವಳು ಇಟ್ಟು ನೋಡಿದ್ದು ಒಂದೇ ತಲೆಯ ಮೇಲೆ. ಅಳತೆ ತಾನಾಗಿ ಬಾಯಿಗೆ ಬಂತು. "ಇಪ್ಪತ್ತೆರಡೂವರೆ ಇಂಚು. ಎಡಗಿವಿ ಮೇಲೆ ಒಂಚೂರು ಸಡಿಲ ಇರ್ಬೇಕು, ಇಲ್ಲಾಂದ್ರೆ ತಲೆನೋವು ಬತ್ತದೆ."

ಲೈನು ಹೋಯಿತೇನೋ ಎಂದು ಅವಳು ಮೊಬೈಲು ನೋಡಿಕೊಂಡಳು.

"ಸಿಂಚನ?"

ಅವಳು ಅಂಗೈಯಿಂದ ಮೊಬೈಲಿನ ಬಾಯಿ ಮುಚ್ಚಿದಳು.

"ಎಡಗಿವಿ ವಿಷ್ಯ ನಮ್ಮವ್ವಂಗೂ ಗೊತ್ತಿಲ್ಲ ಕಣೇ. ನಾನು ಯಾರಿಗೂ ಹೇಳೇ ಇಲ್ಲ. ನಿಂಗೆಂಗೆ ಗೊತ್ತು?"

"ಪೇಟ ಇಟ್ಟಾಗೆಲ್ಲ ಅಲ್ಲಿ ಕೈ ಹಾಕಿ ಸಡಿಲ ಮಾಡ್ಕೋತಿದ್ರಿ. ನೋಡ್ತಿದ್ದೆ."

"ನೋಡ್ತಿದ್ದೆ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ನೀವು ಕೇಳಿದ್ರಾ? ಊರೋರಿಗೆಲ್ಲ ಊಟ ಆಯ್ತಾ, ಸುಸ್ತಾ, ದನಿ ಚೆನ್ನಾಗಿದೆ... ನಂಗೆ ಮಾತ್ರ ಕೆಂಪು ಅಂಚು, ಗುರುವಾರ! ಹೊಟ್ಟೆ ಉರೀತದೆ ನಂಗೆ. ಆ ಚಾಮುಂಡೇಶ್ವರಿ ಬಂದು ಅರ್ಧ ಗಂಟೆ ಅರ್ಧ ಗಂಟೆ ಅಂತ ಹೇಳ್ಕೊಂಡು ಹೋದ್ಳು. ಅತ್ಲಾಗೆ ಅಲ್ಲೇ ಇದ್ಬುಡಿ!" ಎಂದವಳಿಗೆ ಅಳು ಬಂದೇಬಿಟ್ಟಿತು. "ಇರ್ಬೇಡಿ. ಬಂದ್ಬುಡಿ."

"ಗಿರಾಕಿಗಳ ಹತ್ರ ಏನು ಬೇಕಾದ್ರೂ ಅಂದ್ಬುಡ್ತೀನಿ. ನಿಂಗೆ ಫೋನ್ ಮಾಡೋಣ ಅಂತ ನಂಬರ್ ತೆಗ್ದು ತೆಗ್ದು ಇಡ್ತಿದ್ದೆ. ನಿನ್ನ ಕೈಲಿ ಇಲ್ಲ ಅನ್ನಿಸ್ಕೊಂಡ್ರೆ ಅಂಗಡಿಗೆ ಬರೋಕೆ ಯಾವ ಮುಖ ಇಟ್ಕೊಳ್ಳಲಿ ಅಂತ ಭಯ." ಅವನ ದನಿ ತಗ್ಗಿತು. "ಆ ಪೇಟ ಹೊಲಿ. ಗಂಡು ಬರ್ತಾನೆ. ಇಲ್ಲಿಯೋರಿಗೆ ಆಗಲ್ಲ ಅಂತ ಈಗ್ಲೇ ಹೇಳ್ಬುಡ್ತೀನಿ."

ಸಿಂಚನ ಕಣ್ಣೊರೆಸಿಕೊಂಡಳು. ಸಂತೋಷಕ್ಕೆ ಮೈಯೆಲ್ಲ ಹಗುರಾಗಿತ್ತು. ಆದರೂ ಒಂದು ಮುಳ್ಳು ಉಳಿದಿತ್ತು. "ಭಾಗ್ಯಮ್ಮನ ಹತ್ರ ಯಾಕೆ ಅಷ್ಟು ನಯವಾಗಿ ಮಾತಾಡಿದ್ರಿ?"

"ಅಯ್ಯೋ, ಭಾಗ್ಯಮ್ಮ ನೀನೇ ಅಲ್ವೇನೇ!"

"ನಿಮಗೆ ಗೊತ್ತಿರ್ಲಿಲ್ವಲ್ಲ!"

ಅವನು ಜೋರಾಗಿ ನಕ್ಕ. ನಡುವೆಯೇ, "ಇನ್ನೊಂದು ಕಾಲ್ ಬರ್ತಿದೆ," ಎಂದ.

"ಯಾರು?"

"ಚಾಮುಂಡೇಶ್ವರಿ. ಎತ್ತಲ್ಲ, ಬುಡು."

ಅಲ್ಲಿ ಎತ್ತದ ಕರೆ ಅಂಗಡಿಗೇ ಹಿಂತಿರುಗುವ ಏರ್ಪಾಡಿತ್ತು. ಪುನೀತ್ ಗಿರಾಕಿಯ ಕರೆಯನ್ನು ಇದುವರೆಗೆ ಬಿಟ್ಟವನೇ ಅಲ್ಲವಾದ್ದರಿಂದ ಅದರ ಅನುಭವ ಸಿಂಚನಳಿಗಿರಲಿಲ್ಲ. ಮೇಜಿನ ಮೇಲಿನ ಫೋನು ಇದ್ದಕ್ಕಿದ್ದಂತೆ ಹೊಡೆದುಕೊಂಡಾಗ ಬೆಚ್ಚಿದಳು. ಮೊಬೈಲನ್ನು ಒಂದು ಕಿವಿಯಲ್ಲೇ ಉಳಿಸಿಕೊಂಡು ಇನ್ನೊಂದು ಕಿವಿಗೆ ರಿಸೀವರ್ ಹಿಡಿದಳು.

"ಹಲೋ ಪುನೀತ್, ನಾನು!"

"ಸಿಂಚನ ಮಾತಾಡೋದು ಮೇಡಂ."

"ಓ... ಪುನೀತ್ ಇಲ್ವಾ?"

"ಇದಾರೆ. ಬೇರೆ ಕಾಲ್‌ನಲ್ಲಿ ಇದಾರೆ."

"ಹೌದಾ? ಯಾರ ಜೊತೆ?"

ಸಿಂಚನ ಕುರ್ಚಿಗೆ ಒರಗಿಕೊಂಡಳು.

"ನನ್ನ ಜೊತೆ ಕಣ್ರೀ," ಎಂದಳು. "ಅರ್ಧ ಗಂಟೆ ಆಗತ್ತೆ."