ಅಶ್ವತ್ಥಕಟ್ಟೆಗೆ ಹೋದ ಗಿಟಾರ್

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಬಸವನಗುಡಿ ಭಾಗದ ಒಂದು ಠಾಣೆಗೆ ಇಬ್ಬರು ಬಂದರು. ಒಬ್ಬ ಎನ್.ಆರ್. ಕಾಲೋನಿಯ ವಂಶಿ, ಇಪ್ಪತ್ತೊಂಬತ್ತು ವರ್ಷ, ಗಿಟಾರ್ ವಾದಕ. ಇನ್ನೊಬ್ಬ ಚಾಮರಾಜಪೇಟೆಯ ಗೌರೀಶ್, ಗಿಟಾರ್ ತಯಾರಿಸುವವನು. ಕಳುವಾದ ಗಿಟಾರ್ ಗೌರೀಶನದು, ಕಳೆದುಕೊಂಡವನು ವಂಶಿ. ಹೀಗಾಗಿ ದೂರಿಗೆ ಯಾರು ಸಹಿ ಹಾಕಬೇಕು ಎಂಬಲ್ಲೇ ಮೊದಲ ಗೊಂದಲ ಶುರುವಾಯಿತು.

ಬರೆದುಕೊಳ್ಳಲು ಕೂತವನು ಕಾನ್‌ಸ್ಟೇಬಲ್ ನಂದೀಶ್. ಅವನ ಅಕ್ಷರ ದುಂಡಗೆ, ತಾಳ್ಮೆ ಕಡಿಮೆ.

"ವಸ್ತುವಿನ ವಿವರ ಹೇಳಿ."

"ಎಲೆಕ್ಟ್ರಿಕ್ ಗಿಟಾರ್ ಸಾರ್. ಹೆಡ್‌ಲೆಸ್ಸು," ಎಂದ ವಂಶಿ.

"ಅಂದ್ರೆ?"

"ಅದಕ್ಕೆ ತಲೆ ಇರಲ್ಲ."

"ಯಾವಾಗ ಮುರೀತು?"

"ಮುರಿದಿಲ್ಲ ಸಾರ್. ಮಾಡಿರೋದೇ ಹಾಗೆ."

"ಮತ್ತೆ ತಂತಿ ಬಿಗಿ ಮಾಡೋ ತಿರುಪು?"

"ಕೆಳಗಡೆ ಇದೆ."

ನಂದೀಶ್ ಪೆನ್ನು ಕೆಳಗಿಟ್ಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅವನಲ್ಲ. ಗೌರೀಶ್ ಫೋನಿನಲ್ಲಿದ್ದ ಫೋಟೋ ತೋರಿಸಿದ. ಕುತ್ತಿಗೆ ಮೇಲಕ್ಕೆ ಹೋಗಿ ಥಟ್ಟನೆ ನಿಂತುಬಿಟ್ಟಿತ್ತು. ಅಡ್ಡ ಕಂಬಿಗಳು ನೇರವಾಗಿರದೆ ಓರೆಯಾಗಿ ಹರಡಿಕೊಂಡಿದ್ದವು, ಅವುಗಳ ನಡುವಿನ ಮರವನ್ನು ಕೆತ್ತಿ ಹಳ್ಳ ಮಾಡಿದ್ದರು. ಒಡಲು ಎನ್ನಬೇಕಾದ ಭಾಗ ಅರ್ಧ ಕಚ್ಚಿಟ್ಟ ಹಲಸಿನ ತೊಳೆಯ ಹಾಗಿತ್ತು. ನಂದೀಶ್ ಬಹಳ ಹೊತ್ತು ನೋಡಿ, "ತಲೆ ಇಲ್ಲದ, ಆದರೆ ಮುರಿದಿರದ ಗಿಟಾರ್ ಒಂದು" ಎಂದು ಬರೆದ.

ಇನ್‌ಸ್ಪೆಕ್ಟರ್ ಹೇಮಶ್ರೀ ಒಳಗಿನಿಂದ ಬಂದು ಅದನ್ನು ಓದಿದರು. ನಗು ಬಂದರೂ ನಗಲಿಲ್ಲ, ಗೌರೀಶನ ಮುಖ ಹಾಗಿತ್ತು.

"ಇದನ್ನು ಎಷ್ಟು ಜನ ಕೊಳ್ತಾರೆ?"

"ಇದೊಂದೇ ಇರೋದು ಮೇಡಂ. ನಾಲ್ಕು ವರ್ಷದ ಕೆಲಸ. ಹೆಬ್ಬೇವಿನ ಮರ, ಒಳಗೆಲ್ಲ ಟೊಳ್ಳು ಮಾಡಿದೀನಿ, ಎರಡು ಕೆ.ಜಿ.ನೂ ತೂಗಲ್ಲ. ಬುಧವಾರ ಮುಂಬೈಲಿ ಹೊಸ ಗಿಟಾರ್‌ಗಳ ಪ್ರದರ್ಶನ ಇದೆ, ಹೊರದೇಶದ ಕಂಪನಿಯವ್ರು ಬರ್ತಾರೆ. ವಂಶಿ ನುಡಿಸ್ಬೇಕಿತ್ತು. ಮಂಗಳವಾರ ರಾತ್ರಿ ಹೊರಡ್ಬೇಕು. ಗಿಟಾರ್ ಸಿಗದಿದ್ರೆ ನಾನು ಅಲ್ಲಿಗೆ ಹೋಗಿ ಕೈ ಬೀಸ್ಕೊಂಡು ನಿಂತ್ಕೋಬೇಕಾ?"

ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ, ಕಲಂ 305, ವಾಸದ ಮನೆಯೊಳಗಿನ ಕಳವು. ಹನ್ನೆರಡು ಗಂಟೆಗೆ ಪಂಚರೊಂದಿಗೆ ಪೊಲೀಸರು ಎನ್.ಆರ್. ಕಾಲೋನಿಯ ಮನೆ ಸೇರಿದರು.

ವಂಶಿ ಹೇಳಿದ್ದು ಇಷ್ಟು. ಬುಧವಾರ ಸಂಜೆ ಗಿಟಾರ್ ಕೈಗೆ ಬಂತು. ಹೊಸ ವಸ್ತು ಅಂತ ಅರಿಶಿನ ಕುಂಕುಮ ಹಚ್ಚಿ ದೇವರ ಮನೆಯಲ್ಲಿಟ್ಟ. ಗುರುವಾರ ಬೆಳಿಗ್ಗೆ ಬೇರೆ ಗಿಟಾರ್ ಹಿಡಿದು ಮಂಗಳೂರಿನ ಕಾರ್ಯಕ್ರಮಕ್ಕೆ ಹೋದ. ಇವತ್ತು ಬೆಳಿಗ್ಗೆ ಬಂದು ನೋಡಿದರೆ ಹೂವಿದೆ, ಕುಂಕುಮ ಚೆಲ್ಲಿದೆ, ಗಿಟಾರ್ ಇಲ್ಲ. ಅಪ್ಪ ಅಮ್ಮ ಮೈಸೂರಿನಲ್ಲಿ ಮದುವೆಗೆ ಹೋಗಿ ಒಂದು ವಾರ ಆಗಿತ್ತು. ಮನೆಯಲ್ಲಿದ್ದವರು ಸೋದರತ್ತೆ ಆಂಡಾಳ್, ಬಂದು ಹೋಗುತ್ತಿದ್ದವರು ಮನೆಗೆಲಸದ ಮುನಿಲಕ್ಷ್ಮಮ್ಮ.

ಬೀಗ ಒಡೆದಿರಲಿಲ್ಲ. ಬೆಳ್ಳಿ ದೀಪಗಳು ಇದ್ದಲ್ಲೇ ಇದ್ದವು. ಬೆಳ್ಳಿ ಬಿಟ್ಟು ಹಲಸಿನ ತೊಳೆ ಒಯ್ಯುವ ಕಳ್ಳ ಯಾರು? ಪಂಚನಾಮೆ ಮುಗಿಯಿತು, ಪ್ರಶ್ನೆ ಮಾತ್ರ ಮುಗಿಯಲಿಲ್ಲ.

ಆಂಡಾಳ್ ಅರವತ್ತೇಳು ವರ್ಷದವರು. ಹಿಂದೆ ಆ ಬೀದಿಯ ಅರ್ಧ ಹೆಣ್ಣುಮಕ್ಕಳಿಗೆ ವೀಣೆ ಪಾಠ ಹೇಳಿದವರು. ಕುರ್ಚಿಯಲ್ಲಿ ಕೂತು, ನಾನೇನೂ ನೋಡಲಿಲ್ಲ ಎಂದಷ್ಟೇ ಹೇಳಿದರು. ಸಾಕ್ಷಿಯಿಲ್ಲದ ಕಡೆ ಅನುಮಾನ ಯಾವಾಗಲೂ ಪೊರಕೆ ಹಿಡಿದ ಕೈ ಕಡೆಗೇ ಹೋಗುತ್ತದೆ. ಇಲ್ಲೂ ಹಾಗೇ ಆಯಿತು. ವಿಚಾರಣೆಗೆಂದು ಮುನಿಲಕ್ಷ್ಮಮ್ಮನವರನ್ನು ಠಾಣೆಗೆ ಕರೆತಂದರು.

"ಗಿಟಾರ್ ನೋಡಿದ್ರಾ?"

"ಗಿಟಾರಾ? ಅದು ಇಸ್ತ್ರಿ ಮಣೆ ಅನ್ಕಂಡಿದ್ದೆ ಮೇಡಂ. ದೇವ್ರ ಮನೇಲಿ ಇಸ್ತ್ರಿ ಮಣೆಗ್ಯಾಕೆ ಕುಂಕುಮ ಇಕ್ಕವ್ರೆ ಅಂತ ಒರೆಸ್ದಂಗೇ ಬಿಟ್ಟೆ."

"ಎಲ್ಲಿ ಹೋಯ್ತು?"

"ನಂಗೊತ್ತಿಲ್ಲ. ನಾನಿಲ್ಲಿ ಕುಂತಿರೋದ್ನ ಯಾರಾದ್ರೂ ನೋಡುದ್ರೆ ನಾಳೆಯಿಂದ ಯಾವ ಮನೇರೂ ಬಾಗ್ಲು ತೆಗ್ಯಲ್ಲ. ಬೇಗ ಬುಟ್ಬುಡಿ."

ಬೇಗ ಬಿಡಲಾಗಲಿಲ್ಲ. ನಾಲ್ಕು ಗಂಟೆಯವರೆಗೂ ಅವರು ಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದರು. ನಾಲ್ಕು ದಾಟಿದ ಮೇಲೆ ಆಟೋದಿಂದ ಆಂಡಾಳ್ ಇಳಿದರು. ನೇರ ಹೇಮಶ್ರೀಯವರ ಮೇಜಿನ ಮುಂದೆ ಬಂದು ನಿಂತರು.

"ಅವಳನ್ನ ಮನೆಗೆ ಕಳಿಸಿ. ಅದನ್ನ ಆಚೆ ಹಾಕಿದ್ದು ನಾನು."

"ಆಚೆ ಅಂದ್ರೆ?"

"ಅಶ್ವತ್ಥಕಟ್ಟೆಗೆ. ದೇವರ ಮನೇಲಿ ತಲೆ ಮುರಿದ ವಾದ್ಯ ಇಟ್ಟಿದ್ದ ಹುಡುಗ. ಭಿನ್ನ ಆದದ್ದನ್ನ ಪೂಜೆಗೆ ಇಡಬಾರ್ದು ಅಲ್ವೇನಮ್ಮ? ಗುರುವಾರ ಸೀರೇಲಿ ಸುತ್ತಿ ಕಟ್ಟೆ ಮೇಲಿಟ್ಟು ಪ್ರದಕ್ಷಿಣೆ ಹಾಕಿ ಬಂದೆ. ಬೆಳಿಗ್ಗೆ ಹೇಳೋಕೆ ಭಯ ಆಯ್ತು."

ನಂದೀಶನಿಗೆ ತಡೆಯಲಾಗಲಿಲ್ಲ, ನಕ್ಕ. ವಂಶಿ ತಲೆ ಮೇಲೆ ಕೈ ಹೊತ್ತು ಕೂತ. ಆದರೆ ಯಾರಿಗೂ ಅನುಮಾನ ಬರಲಿಲ್ಲ. ಒಡೆದ ವಿಗ್ರಹ, ಗಾಜು ಬಿರುಕು ಬಿಟ್ಟ ದೇವರ ಪಟ ಎಲ್ಲವೂ ಹೋಗಿ ಸೇರುವುದು ಅರಳಿಮರದ ಬುಡವನ್ನೇ. ನಂದೀಶನ ಅಮ್ಮನೂ ಅದನ್ನೇ ಮಾಡುತ್ತಿದ್ದರು. ಮುನಿಲಕ್ಷ್ಮಮ್ಮ ಎದ್ದು ಯಾರನ್ನೂ ನೋಡದೆ ಹೊರಟುಹೋದರು.

ಭಾನುವಾರ ಬೆಳಿಗ್ಗೆ ಕಟ್ಟೆಯ ಪಕ್ಕದ ದೇವಸ್ಥಾನದ ಕ್ಯಾಮೆರಾ ನೋಡಿದರು. ಹೇಳಿದ್ದು ನಿಜ. ಗುರುವಾರ ಮಧ್ಯಾಹ್ನ ಆಂಡಾಳ್ ಬಂದಿದ್ದಾರೆ, ಸೀರೆಯ ಗಂಟು ಇಟ್ಟಿದ್ದಾರೆ, ಸುತ್ತು ಹಾಕಿದ್ದಾರೆ. ಅವರು ಹೋದ ಸ್ವಲ್ಪ ಹೊತ್ತಿಗೆ ತಳ್ಳುಗಾಡಿಯ ಮುದುಕರೊಬ್ಬರು ಗಂಟು ಎತ್ತಿಕೊಂಡಿದ್ದಾರೆ. ಗುಜರಿ ಆಯುವ ಆಂಜಿನಯ್ಯ. ಹನ್ನೊಂದರ ಹೊತ್ತಿಗೆ ಅವರೂ ಅದೇ ಬೆಂಚಿಗೆ ಬಂದರು.

"ಗಂಟಲ್ಲಿ ಏನಿತ್ತು?" ಎಂದ ನಂದೀಶ್.

"ದೇವ್ರ ಪಟ ಸ್ವಾಮಿ."

"ಸುಳ್ಳು ಹೇಳ್ಬೇಡ. ಗಿಟಾರ್ ಎಲ್ಲಿ?"

"ಪಟ ಸ್ವಾಮಿ. ಕಟ್ಟು, ಗಾಜು ಬಿಚ್ಚಿ ಮಾರ್ಕಂತೀನಿ. ದೇವ್ರನ್ನ ಮಾರಕ್ಕಾಯ್ತದಾ? ಮನೇಲಿ ಮಡಗಿವ್ನಿ. ಬನ್ನಿ, ತೋರಿಸ್ತೀನಿ."

ವಂಶಿ, ಗೌರೀಶರನ್ನೂ ಕರೆದುಕೊಂಡು ಹೋಗಿ ನೋಡಿದರು. ಒಂದೇ ಕೋಣೆಯ ಮನೆ, ನಾಲ್ಕೂ ಗೋಡೆ ತುಂಬ ಬೇರೆಯವರ ಮನೆಯಿಂದ ಹೊರಬಿದ್ದ ದೇವರುಗಳು. ಆಂಜಿನಯ್ಯ ಸೀರೆ ತೋರಿಸಿದರು, ಮೂರು ಚಿತ್ರ ತೋರಿಸಿದರು. ವಂಶಿ ಒಂದನ್ನು ಕೈಗೆತ್ತಿಕೊಂಡ.

"ಇದು ನಮ್ಮನೆ ಕೃಷ್ಣ ಮೇಡಂ. ಅತ್ತೆ ರೂಮಲ್ಲಿತ್ತು."

ಈಗ ಕೇಸಿನ ತಲೆಬುಡ ಯಾರಿಗೂ ತಿಳಿಯದಂತಾಯಿತು. ಕಳ್ಳಿ ತಾನೇ ಒಪ್ಪಿಕೊಂಡಿದ್ದಾರೆ, ಇಟ್ಟಿದ್ದಕ್ಕೆ ಕ್ಯಾಮೆರಾ ಸಾಕ್ಷಿ ಇದೆ, ಎತ್ತಿಕೊಂಡವನು ಸಿಕ್ಕಿದ್ದಾನೆ, ಗಂಟೂ ಸಿಕ್ಕಿದೆ. ಗಿಟಾರ್ ಒಂದು ಬಿಟ್ಟು. ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿರಬಹುದು ಎಂದ ವಂಶಿ. ಮುದುಕ ಗಿಟಾರ್ ಮಾರಿ ಪಟ ತೋರಿಸುತ್ತಿರಬಹುದು ಎಂದ ನಂದೀಶ್. ಗೌರೀಶ್ ಫೋನಿನಲ್ಲಿ ತಾರೀಖು ನೋಡಿದ. ಹೊರಡಬೇಕಾದ ಮಂಗಳವಾರಕ್ಕೆ ಇನ್ನು ಎರಡೇ ದಿನ ಉಳಿದಿದ್ದವು.

ಸಂಜೆ ಹೇಮಶ್ರೀ ಒಬ್ಬರೇ ಆಂಡಾಳ್ ಅವರನ್ನು ನೋಡಲು ಹೋದರು. ಕಾಫಿ ಬಂತು. ಕಾಫಿಯ ಜೊತೆ ಪ್ರಶ್ನೆಯೂ ಬಂತು.

"ಗಂಟಲ್ಲಿ ಗಿಟಾರೇ ಇತ್ತಾ ಅಮ್ಮ?"

"ಪಟಾನೂ ಇತ್ತು, ಅದೂ ಇತ್ತು."

"ಸೀರೇಲಿ ಸುತ್ತುವಾಗ ತಂತಿ ಚುಚ್ಚಲಿಲ್ವಾ?"

"ಸಡಿಲ ಮಾಡಿದ್ನಲ್ಲ. ಬಿಗಿ ತಂತಿ ಹಾಗೇ ಬಿಟ್ಟು ಯಾರಾದ್ರೂ ವಾದ್ಯ ಕಟ್ಟಿಡ್ತಾರಾ? ಕುತ್ತಿಗೆ ಬಾಗಿಹೋಗುತ್ತೆ."

ಹೇಮಶ್ರೀ ಲೋಟ ಕೆಳಗಿಟ್ಟರು.

"ತಂತಿ ತಿರುಗಿಸೋ ಬಿರಡೆ ಎಲ್ಲಿತ್ತು?"

"ಕೆಳ..." ಎಂದವರು ಅಲ್ಲಿಗೇ ನಿಲ್ಲಿಸಿದರು.

ಠಾಣೆಯ ಪೊಲೀಸರಿಗೇ ಫೋಟೋ ನೋಡಿ ಅರ್ಥವಾಗದ ವಿಷಯ ಅದು. ತಲೆ ಮುರಿದಿದೆ ಎಂದು ನಂಬಿದವರು ಬಿರಡೆಯೂ ಹೋಯಿತು ಎಂದುಕೊಳ್ಳಬೇಕು. ಇವರಿಗೆ ತಿರುಪು ಎಲ್ಲಿದೆ, ಹೇಗೆ ಸಡಿಲಿಸಬೇಕು ಎಲ್ಲ ಗೊತ್ತಿದೆ. ಬಿಸಾಡುವ ವಸ್ತುವಿನ ಕುತ್ತಿಗೆ ಬಾಗಿದರೆ ಇವರಿಗೇನು? ಹೇಮಶ್ರೀ ಮತ್ತೇನೂ ಕೇಳದೆ ಎದ್ದರು. ಆದರೆ ಯಾಕೆ ಎಂಬುದು ಅವರಿಗೂ ಹೊಳೆಯಲಿಲ್ಲ. ಮಾರುವ ಹೆಂಗಸಲ್ಲ, ಸೋದರಳಿಯನ ಮೇಲೆ ಹೊಟ್ಟೆಕಿಚ್ಚು ಪಡುವ ಮುಖವೂ ಅಲ್ಲ.

ಸೋಮವಾರ ನಂದೀಶ್ ಮಫ್ತಿಯಲ್ಲಿ ಬೀದಿ ಕೊನೆಯಲ್ಲಿ ನಿಂತ. ಹತ್ತು ಗಂಟೆಗೆ ಆಂಡಾಳ್ ಹೊರಬಂದರು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದರು. ಅಲ್ಲಿಂದ ಆಟೋ. ಮಲ್ಲೇಶ್ವರದ ಒಂದು ಹಳೆಯ ಕಟ್ಟಡದ ಮೊದಲ ಮಹಡಿಗೆ, ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಹತ್ತಿದರು. ಬಾಗಿಲಲ್ಲಿ ಆರಾಧನಾ ಎಂಬ ಹೆಸರಿತ್ತು. ಕೆಳಗಿನ ಅಂಗಡಿಯವರನ್ನು ವಿಚಾರಿಸಿದರೆ, ಆಂಡಾಳ್ ಅವರ ಹಳೆಯ ಶಿಷ್ಯೆ ಎಂದು ತಿಳಿಯಿತು. ಸ್ವಲ್ಪ ಹೊತ್ತಿಗೆ ನಂದೀಶ್ ಠಾಣೆಗೆ ಫೋನ್ ಮಾಡಿದ.

"ಮೇಡಂ, ಸುಮ್ನೆ ಅಲೆದಿದ್ದಾಯ್ತು. ಇಲ್ಲಿ ವೀಣೆ ಪಾಠ ನಡೀತಿದೆ. ಕೇಳಿಸ್ತಿದೆ."

"ವೀಣೆ ನುಡಿಸ್ತಿರೋದು ಯಾರು?"

"ಬಾಗಿಲು ಹಾಕಿದೆ ಮೇಡಂ."

"ಬಾಗಿಲು ತಟ್ಟಿ ನೋಡು. ನಾನೂ ಪಂಚರನ್ನ ಕರ್ಕೊಂಡು ಹೊರಟೆ."

ಬಾಗಿಲು ತೆರೆದವಳು ಆರಾಧನಾ. ಅವಳ ವೀಣೆ ಗೋಡೆಗೊರಗಿ, ಬಟ್ಟೆ ಹೊದ್ದು ಮಲಗಿತ್ತು. ಆದರೂ ವೀಣೆಯ ನಾದ ಬರುತ್ತಲೇ ಇತ್ತು. ಕಿಟಕಿ ಪಕ್ಕದ ಊಟದ ಕುರ್ಚಿಯಲ್ಲಿ ಆಂಡಾಳ್ ಕೂತಿದ್ದರು. ತೊಡೆಯ ಮೇಲೆ ಆ ಹಲಸಿನ ತೊಳೆ ಇತ್ತು. ಕಣ್ಣು ಮುಚ್ಚಿತ್ತು. ಎಡಗೈಯ ಬೆರಳು ಓರೆ ಕಂಬಿಗಳ ನಡುವಿನ ಹಳ್ಳದಲ್ಲಿ ತಂತಿಯನ್ನು ಎಳೆದೆಳೆದು ಬಿಡುತ್ತಿತ್ತು. ನಂದೀಶ್ ಕಾನೂನು ಪ್ರಕಾರ ಏನೋ ಹೇಳಬೇಕಿತ್ತು. ಏನು ಹೇಳಬೇಕು ಎಂಬುದು ಮರೆತೇಹೋಯಿತು.

ಹೇಮಶ್ರೀ ಬಂದ ಮೇಲೆ ಮಹಜರು ಆಯಿತು. ಹನ್ನೆರಡೂಕಾಲಿಗೆ ಬಂಧನ. ಗುರುಗಳು ಕೆಲವು ದಿನ ಇಟ್ಟುಕೊಳ್ಳಲು ಕೊಟ್ಟಿದ್ದಾರೆ ಎಂದೇ ಆರಾಧನಾ ತಿಳಿದಿದ್ದಳು. ಅವಳು ಅಳುವುದನ್ನು ನಿಲ್ಲಿಸಲಿಲ್ಲ.

ಠಾಣೆಯಲ್ಲಿ ಆಂಡಾಳ್ ಏನನ್ನೂ ಮುಚ್ಚಿಡಲಿಲ್ಲ. ಮೂರು ವರ್ಷದ ಹಿಂದೆ ಬಿದ್ದು ಎಡಭುಜ ಮುರಿದಿತ್ತು. ಕೂಡಿದ ಮೇಲೂ ತೋಳು ವೀಣೆಯ ದಂಡಿ ಬಳಸುವಷ್ಟು ಮೇಲೇಳಲಿಲ್ಲ. ನೆಲದ ಮೇಲೆ ಕೂರುವುದೂ ನಿಂತಿತು. ವೀಣೆಯನ್ನು ಯಾರಿಗೋ ಕೊಟ್ಟುಬಿಟ್ಟರು. ಬುಧವಾರ ರಾತ್ರಿ ವಂಶಿ ಅದರ ತಿರುಪು ತೋರಿಸುತ್ತಾ, "ಹಿಡ್ಕೊಂಡು ನೋಡಿ ಅತ್ತೆ, ಏನೂ ಭಾರ ಇಲ್ಲ" ಎಂದು ತಮಾಷೆಗೆ ಕೈಗೆ ಕೊಟ್ಟಿದ್ದ, ಅತ್ತೆಗೆ ಅದು ಅರ್ಥವಾಗಿದೆ ಎಂದು ಅಂದುಕೊಂಡಿರಲಿಲ್ಲ. ಗುರುವಾರ ಮನೆ ಖಾಲಿಯಾದ ಮೇಲೆ ಮತ್ತೊಮ್ಮೆ ಹಿಡಿದರು. ತಂತಿಗಳನ್ನು ವೀಣೆಯ ಶ್ರುತಿಗೆ ತಂದರು.

"ತೋಡಿ ರಾಗ ಒಂದು ಎಳೆದೆ. ಬಂತು. ಮಂಗಳವಾರ ಮುಂಬೈಗೆ ಹೋಗಿಬಿಡುತ್ತೆ, ಅಲ್ಲಿಂದ ಯಾವುದೋ ದೇಶಕ್ಕೆ. ಆಮೇಲೆ ನನಗೆಲ್ಲಿ ಬರುತ್ತೆ ಅದು?"

"ಕೇಳಬಹುದಿತ್ತಲ್ಲ?"

"ಈ ವಯಸ್ಸಲ್ಲಿ ಗಿಟಾರ್ ಕೇಳೋದಾ? ಎಲ್ಲಾರೂ ನಗ್ತಿದ್ರು. ಭಿನ್ನ ಆಯ್ತು ಅಂತ ಹಾಕ್ಬಿಟ್ಟೆ ಅಂದ್ರೆ ಎಲ್ಲಾರೂ ನಂಬ್ತಾರೆ. ಅದಕ್ಕೇ ಹಳೇ ಪಟ ಗಂಟು ಕಟ್ಟಿ ಕಟ್ಟೇಲಿಟ್ಟೆ, ಗಿಟಾರ್‌ನ ಆರಾಧನಾ ಮನೆಗೆ ತಗೊಂಡ್ಹೋದೆ. ನಂಬಿದ್ರಲ್ಲ ನೀವೂ."

ಹೇಮಶ್ರೀಗೆ ಸಿಟ್ಟು ಬಂತು. "ನಾವು ನಂಬಿದ್ದಕ್ಕೆ ಗುಜರಿ ಆಯೋ ಮುದುಕರು ಇದೇ ಬೆಂಚಲ್ಲಿ ಕೂತ್ರು. ಅದಕ್ಕೂ ಮುಂಚೆ ಮುನಿಲಕ್ಷ್ಮಮ್ಮ ಕೂತಿದ್ರು. ಅವರದೇನು ತಪ್ಪು?"

ಆಂಡಾಳ್ ತಲೆ ತಗ್ಗಿಸಿದರು. "ತಪ್ಪು ನಂದೇ ಅಮ್ಮ. ಹಾಕಿ ಜೈಲಿಗೆ."

ಅಷ್ಟರಲ್ಲಿ ಗೌರೀಶ್ ಓಡಿಬಂದ. ಗಿಟಾರ್ ಮೇಜಿನ ಮೇಲಿತ್ತು. ಕೈ ಚಾಚಿದವನನ್ನು ನಂದೀಶ್ ತಡೆದ. ಅದೀಗ ಮುದ್ದೆಮಾಲು. ನ್ಯಾಯಾಲಯಕ್ಕೆ ಒಪ್ಪಿಸಬೇಕು, ಬಿಡುಗಡೆಗೆ ಅರ್ಜಿ ಹಾಕಬೇಕು, ಆದೇಶ ಬರಬೇಕು. ಈ ವಾರದಲ್ಲಿ ಆಗುವ ಮಾತಲ್ಲ.

"ಅಂದ್ರೆ ಸಿಕ್ಕಿದ್ರೂ ಸಿಗಲಿಲ್ಲ," ಎಂದ ಗೌರೀಶ್.

"ಕ್ಷಮಿಸಿ," ಎಂದರು ಹೇಮಶ್ರೀ.

ಮುಂಬೈಯ ಅವಕಾಶ ಕೈತಪ್ಪಿಹೋಯಿತು. ಗೌರೀಶನ ಮುಖ ಕೆಂಪಾಯಿತು. ಆಂಡಾಳ್ ಕಡೆ ತಿರುಗಿದ. ಹೊಡೆದೇಬಿಡುತ್ತಾನೇನೋ ಎಂದು ನಂದೀಶ್ ಅರ್ಧ ಎದ್ದ. ಗೌರೀಶ್ ಅವರ ಹೇಳಿಕೆಯ ಹಾಳೆಯನ್ನು ಎತ್ತಿ ಓದಿದ. ಮತ್ತೊಮ್ಮೆ ಓದಿದ. ಕುರ್ಚಿ ಎಳೆದುಕೊಂಡು ಅವರ ಎದುರು ಕೂತ.

"ಭುಜ ಎಲ್ಲಿ ನೋಯ್ತಿತ್ತು ಅಮ್ಮ? ಇದನ್ನ ನುಡಿಸುವಾಗ?"

"ನೋಯಲಿಲ್ಲ ಕಣಪ್ಪ."

"ಮೇಲಿನ ಸ್ಥಾಯಿಗೆ ಹೋದಾಗ್ಲೂ?"

"ಅಲ್ಲಿ ಒಂದು ಚೂರು. ಮೊಣಕೈ ಹೊರಗೆ ಹೋಗುತ್ತೆ. ಮತ್ತೆ ಅಲ್ಲಿ ಹಳ್ಳ ಇನ್ನೂ ಆಳ ಬೇಕು, ಎಳೆತ ಸಾಲದು."

"ಎಷ್ಟು ಆಳ?"

ಆಂಡಾಳ್ ಎರಡು ಬೆರಳ ನಡುವೆ ಅಳತೆ ತೋರಿಸಿದರು. ಗೌರೀಶ್ ಬಾಗಿ ನೋಡಿದ.

"ನಾಲ್ಕು ವರ್ಷದಿಂದ ಹಿಡ್ಕೊಂಡೋರೆಲ್ಲ ಚೆನ್ನಾಗಿದೆ ಅಂದು ವಾಪಸ್ ಕೊಟ್ಟುಬಿಟ್ರು," ಎಂದ. "ಯಾರೂ ಇಟ್ಕೊಳ್ಳಲಿಲ್ಲ."

ಇದನ್ನೂ ಹೇಳಿಕೆಯಲ್ಲಿ ಬರೆಯಬೇಕೇ ಎಂದು ನಂದೀಶ್ ಕಣ್ಣಲ್ಲೇ ಕೇಳಿದ. ಹೇಮಶ್ರೀಗೂ ಗೊತ್ತಿರಲಿಲ್ಲ. ಹೊರಗೆ ಜೀಪು ನಿಂತು ಬಹಳ ಹೊತ್ತಾಗಿತ್ತು, ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ವೇಳೆ ಮೀರುತ್ತಿತ್ತು. ಹೊರಡೋಣ ಎಂದು ಹೇಳಬೇಕಾದವರು ಅವರೇ. ಎದುರಿಗೆ ಆಂಡಾಳ್ ಖಾಲಿ ತೊಡೆಯ ಮೇಲೆ ಎಡಗೈ ಓರೆಯಾಗಿ ಹಿಡಿದು, ಮೊಣಕೈ ಎಲ್ಲಿ ತಾಗುತ್ತದೆ ಎಂದು ತೋರಿಸುತ್ತಿದ್ದರು.