ಮಾಡಿದವರು: ಅಜ್ಞಾತ

ಗಾಜಿನ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ಮೂರೇ ಸಾಲು. ರಂಪಣಿ ದೋಣಿಯ ಮಾದರಿ. ಸಂಗ್ರಹ: ಶ್ರೀ ಸರ್ವೋತ್ತಮ, ಕಡಿಯಾಳಿ. ಮಾಡಿದವರು: ಅಜ್ಞಾತ.

ಮೂರನೆಯ ಸಾಲನ್ನು ಶೀನ ಹನ್ನೊಂದು ವರ್ಷಗಳಿಂದ ವಾರಕ್ಕೆ ಎರಡು ಸಲವಾದರೂ ಓದುತ್ತಿದ್ದ. ಆ ಅಜ್ಞಾತ ವ್ಯಕ್ತಿ ಅದೇ ಹೊತ್ತಿಗೆ ಎರ್ಮಾಳಿನ ಮನೆಯ ಜಗಲಿಯಲ್ಲಿ ಗಂಜಿ ಉಂಡು, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಇವತ್ತು ಬಲೆಗೆ ಬಂಗುಡೆ ಮೀನು ಬಿದ್ದಿದೆಯೇ ಎಂದು ಕೇಳುತ್ತಾ ಕುಳಿತಿರುತ್ತಿದ್ದ. ಅವನ ಹೆಸರು ಬೂಬ. ಶೀನನ ಅಪ್ಪ.

ಶೀನ ಪ್ರವಾಸಿಗರ ಕಾರು ಓಡಿಸುವವನು. ಬೆಳಗ್ಗೆ ಕಾರ್ಕಳದ ಗೊಮ್ಮಟ ಬೆಟ್ಟ, ಚತುರ್ಮುಖ ಬಸದಿ. ಮಧ್ಯಾಹ್ನ ಉಡುಪಿಯ ರಥಬೀದಿ, ಅಲ್ಲಿಂದ ಕಡಿಯಾಳಿಯ ಈ ಖಾಸಗಿ ಮ್ಯೂಸಿಯಂ. ಸಂಜೆ ಕಾಪು ದೀಪಸ್ತಂಭ. ಬಸದಿಯ ಕಂಬಗಳನ್ನು ಯಾವ ದಿಕ್ಕಿನಿಂದ ನೋಡಬೇಕು, ಗೊಮ್ಮಟನ ಮುಖದ ಮೇಲೆ ಎಷ್ಟು ಗಂಟೆಗೆ ಬಿಸಿಲು ಬೀಳುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಊರಿನ ಚರಿತ್ರೆಯನ್ನೆಲ್ಲ ತೋರಿಸುವವನಿಗೆ ಅಪ್ಪನ ದೋಣಿಯ ಎದುರು ನಿಂತಾಗ ಮಾತ್ರ ಮಾತು ಹೊರಡುತ್ತಿರಲಿಲ್ಲ.

ಶೀನನಿಗೆ ಆರು ವರ್ಷವಾಗಿದ್ದಾಗ ಸರ್ವೋತ್ತಮರು ಮನೆಗೆ ಬಂದಿದ್ದರು. ಹಳೆಯ ವಸ್ತುಗಳ ಹುಚ್ಚಿನವರು. ಮಾಡಿನಿಂದ ತೂಗುತ್ತಿದ್ದ ದೋಣಿಯನ್ನು ನೋಡಿ, "ಫೋಟೋ ತೆಗೆದು ಎರಡು ದಿನದಲ್ಲಿ ಕೊಡುತ್ತೇನೆ ಬೂಬ" ಎಂದು ಕೊಂಡುಹೋದರು. ಕಡಲಲ್ಲಿ ರಂಪಣಿ ಎಂಬ ದೊಡ್ಡ ಬಲೆ ಬಿಡಲು ತಾನು ಹುಟ್ಟು ಹಾಕುತ್ತಿದ್ದ ದೋಣಿ ಮುರಿದುಹೋದ ವರ್ಷ, ಅದರದ್ದೇ ಹಲಗೆಯ ಚೂರಿನಿಂದ ಬೂಬ ಮಾಡಿದ್ದ ದೋಣಿ ಅದು. ಒಂದೂವರೆ ಗೇಣು ಉದ್ದ. ಎರಡು ದಿನ ನಲವತ್ತು ವರ್ಷವಾಯಿತು.

ಶೀನ ಮೂರು ಸಲ ಕೇಳಿದ್ದ. ಮೊದಲ ಸಲ ಸರ್ವೋತ್ತಮರು ಊರಲ್ಲಿಲ್ಲ ಎಂದರು. ಎರಡನೆಯ ಸಲ ಆಫೀಸಿನವರು "ದಾಖಲೆ ಎಂತ ಉಂಟು ನಿಮ್ಮ ಹತ್ತಿರ?" ಎಂದು ಕೇಳಿದರು. ಮೂರನೆಯ ಸಲ ನಕ್ಕರು. ಎಂಬತ್ತರ ಹತ್ತಿರ ಬಂದ ಬೂಬನ ಕಣ್ಣು ಮಂಜಾಗಿತ್ತು. ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣದು. "ಸಾಯುವ ಮುಂಚೆ ಅದನ್ನೊಮ್ಮೆ ಮುಟ್ಟಬೇಕಿತ್ತು" ಎಂದು ಒಂದು ದಿನ ಅಂದ. ಕೇಳಿಕೊಂಡದ್ದಲ್ಲ, ಸುಮ್ಮನೆ ಅಂದದ್ದು. ಶೀನನಿಗೆ ತಡೆಯಲಾಗಲಿಲ್ಲ.

ಕದ್ದರೆ ಮೊದಲು ಹಿಡಿಯುವುದು ಕೇಳಿದವನನ್ನೇ ಎಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಕಳವೇ ಆಗಿಲ್ಲ ಎನ್ನುವ ಹಾಗೆ ಕದಿಯಬೇಕು. ಅದೇ ಜಾಗದಲ್ಲಿ ಅಂಥದ್ದೇ ದೋಣಿ ಇರಬೇಕು.

ಹದಿನಾಲ್ಕು ತಿಂಗಳು ಹಿಡಿಯಿತು. ಪ್ರವಾಸಿಗರ ಹತ್ತಿರ "ಇದರದ್ದೊಂದು ಫೋಟೋ ತೆಗೆಯಿರಿ, ಚೆಂದ ಬರುತ್ತದೆ" ಎಂದು ಹೇಳಿ, ಆಮೇಲೆ ತನ್ನ ಫೋನಿಗೆ ಕಳಿಸಿಕೊಂಡ. ನಾಲ್ಕೂ ಕಡೆಯಿಂದ ನೂರಾರು ಚಿತ್ರಗಳು ಸೇರಿದವು. ಹಲಗೆ ಹೊಲಿದ ತೆಂಗಿನ ಹುರಿಯ ಒಂದೊಂದು ಹೊಲಿಗೆಯನ್ನೂ ಎಣಿಸಿದ. ಕಡಲ ಕರೆಯಲ್ಲಿ ಕೊಳೆಯುತ್ತಿದ್ದ ಹಳೆ ದೋಣಿಯಿಂದ ಅದೇ ಜಾತಿಯ ಮರ ತಂದ. ಕಾರು ಶೆಡ್ಡಿನೊಳಗೆ, ಬಾಡಿಗೆ ಇಲ್ಲದ ದಿನಗಳಲ್ಲಿ, ಸಣ್ಣ ಕತ್ತಿಯಿಂದ ಕೆತ್ತುತ್ತಾ ಕುಳಿತ. ಮೂರು ದೋಣಿ ಕೆಟ್ಟವು. ನಾಲ್ಕನೆಯದಕ್ಕೆ ಮೀನೆಣ್ಣೆ ಕುಡಿಸಿ, ಹೊಗೆ ಹಾಕಿ, ಧೂಳಿನಲ್ಲಿ ಹೊರಳಿಸಿದ ಮೇಲೆ ಅವನಿಗೇ ವ್ಯತ್ಯಾಸ ಹಿಡಿಯಲಾಗಲಿಲ್ಲ. ಅಷ್ಟು ಹೋಲುತ್ತಿತ್ತು.

ಮ್ಯೂಸಿಯಮ್ಮಿನಲ್ಲಿ ಕ್ಯಾಮೆರಾ ಇದ್ದದ್ದು ಬಾಗಿಲಲ್ಲಿ ಮಾತ್ರ. ಮಧ್ಯಾಹ್ನ ಒಂದು ಗಂಟೆಗೆ ಕಾವಲಿನ ಓಸ್ವಾಲ್ಡ್ ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂರುತ್ತಿದ್ದ. ಆ ಹೊತ್ತಿಗೆ ಪ್ರವಾಸಿಗರು ಹಳೆಯ ಕೆತ್ತನೆಯ ಬಾಗಿಲುಗಳನ್ನು ನೋಡಲು ಮಹಡಿ ಹತ್ತಿರುತ್ತಾರೆ. ಗಾಜಿನ ಪೆಟ್ಟಿಗೆಗೆ ನಾಲ್ಕು ಸ್ಕ್ರೂ. ನಾಲ್ಕು ಸಲ ಬಂದಾಗ ಒಂದೊಂದನ್ನು ಸಡಿಲಿಸಿ, ಎಣ್ಣೆ ಬಿಟ್ಟು, ಮತ್ತೆ ತಿರುಗಿಸಿಟ್ಟ. ನೀರಿನ ಬಾಟಲಿಗಳ ರಟ್ಟಿನ ಪೆಟ್ಟಿಗೆಯನ್ನು ಎರಡು ತಿಂಗಳು ಸುಮ್ಮನೆ ಒಳಗೆ ಒಯ್ದು ಹೊರಗೆ ತಂದ.

"ಎಂತ ಮಾರಾಯ, ಇವರೆಲ್ಲ ಒಂಟೆಗಳಾ? ಇಷ್ಟು ನೀರು ಕುಡಿಯುತ್ತಾರಾ?" ಎಂದು ಓಸ್ವಾಲ್ಡ್ ನಗುತ್ತಿದ್ದ. ಆಮೇಲೆ ನಗುವುದನ್ನೂ ಬಿಟ್ಟ.

ಫೆಬ್ರವರಿಯ ಒಂದು ಮಧ್ಯಾಹ್ನ ಕೆಲಸ ಮುಗಿಯಿತು. ಆರು ನಿಮಿಷ. ಗಾಜಿನೊಳಗೆ ಶೀನನ ದೋಣಿ, ರಟ್ಟಿನ ಪೆಟ್ಟಿಗೆಯೊಳಗೆ ಅಪ್ಪನದ್ದು. ಆ ದಿನದ ಪ್ರವಾಸಿ ಚೈತಾಲಿ, ಮುಂಬೈಯಲ್ಲಿ ವಾಸ್ತುಶಿಲ್ಪ ಕಲಿಸುವವಳು, ಕೆಳಗಿಳಿದು ಬಂದು ಗಾಜಿನ ಎದುರು ತುಂಬ ಹೊತ್ತು ನಿಂತಳು. "ಇಂಥ ಕೈ ಯಾರದ್ದಿರಬಹುದು? ಹೆಸರೇ ಇಲ್ಲವಲ್ಲ!" ಎಂದಳು. ರಟ್ಟಿನ ಪೆಟ್ಟಿಗೆಯನ್ನು ತೋಳಿನಡಿ ಹಿಡಿದು ನಿಂತಿದ್ದ ಶೀನನಿಗೆ ಅಷ್ಟು ವರ್ಷ ಒಳಗೇ ಇದ್ದ ಮಾತು ತಡೆಯದೆ ಹೊರಬಿತ್ತು. "ನನ್ನ ಅಪ್ಪನದ್ದು ಮೇಡಂ. ಎರ್ಮಾಳಿನ ಬೂಬ ಎಂದು."

ಅವಳು ಹೊರಡುವಾಗ ಬಾಗಿಲ ಬಳಿಯ ಅಭಿಪ್ರಾಯ ಪುಸ್ತಕದಲ್ಲಿ ಏನೋ ಬರೆದಳು. ಪ್ರವಾಸಿಗರು ಬರೆಯುತ್ತಾರೆ. ಶೀನ ಕಾರು ತಿರುಗಿಸಲು ಹೋದ.

ಅಸಲು ದೋಣಿಯನ್ನು ಶೆಡ್ಡಿನ ಅಟ್ಟದ ಮೇಲೆ ಗೋಣಿಯಲ್ಲಿ ಸುತ್ತಿಟ್ಟ. ಮಳೆಗಾಲ ಕಳೆಯಲಿ, ಆಮೇಲೆ 'ಅವರೇ ಕೊಟ್ಟರು' ಎಂದು ಅಪ್ಪನ ಕೈಯಲ್ಲಿಡುವುದು. ಎರಡು ವಾರ ಯಾರೂ ಏನೂ ಕೇಳಲಿಲ್ಲ. ತನ್ನ ದೋಣಿಯ ಎದುರು ಪ್ರವಾಸಿಗರು ತಲೆಯಾಡಿಸುವುದನ್ನು ನೋಡುವಾಗ ಅವನಿಗೆ ಗುಟ್ಟಿನ ಹೆಮ್ಮೆ.

ಮೂರನೆಯ ವಾರ ಫೋನು ಬಂತು. ಮ್ಯೂಸಿಯಮ್ಮಿಗೆ ಹೊಸತಾಗಿ ಸೇರಿದ ಯಶ್ಮಿತಾ.

"ಶೀನಣ್ಣ, ಅಭಿಪ್ರಾಯ ಪುಸ್ತಕದಲ್ಲಿ ಒಬ್ಬರು ದೋಣಿಯ ಬಗ್ಗೆ ಎರಡು ಪುಟ ಬರೆದಿದ್ದಾರೆ. ಓದಿ ಸರ್ವೋತ್ತಮ ಸರ್ ಹತ್ತಿರ ಕೇಳಿದೆ. ಅವರು ಅತ್ತೇಬಿಟ್ಟರು. ಬರುವ ಆದಿತ್ಯವಾರ ಬೂಬಜ್ಜನನ್ನು ಕರೆದುಕೊಂಡು ಬನ್ನಿ. ಎಲ್ಲರ ಎದುರಿಗೆ ದೋಣಿಯನ್ನು ಅವರ ಕೈಗೇ ಕೊಡುತ್ತೇವೆ."

ಶೀನ ಅವಸರದಲ್ಲಿ ಹೇಳಿದ. "ನಾನು ನಾಳೆಯೇ ಬಂದು ತೆಗೆದುಕೊಳ್ಳುತ್ತೇನೆ ಮೇಡಂ. ಸಮಾರಂಭ ಎಲ್ಲ ಎಂತಕ್ಕೆ?"

"ಛೆ, ಹಾಗೆ ಆಗುವುದಾ? ಈಗ ಪೈಂಟಿನ ಕೆಲಸ ಉಂಟು, ಆದಿತ್ಯವಾರದವರೆಗೆ ಬಾಗಿಲು ಹಾಕಿದೆ. ದೋಣಿ ನನ್ನ ಕಪಾಟಿನಲ್ಲಿ ಭದ್ರ ಉಂಟು."

ಮೂರು ಸಲ ಬೇಡಿದಾಗ ಸಿಗದದ್ದು ಈಗ ತಾನಾಗಿ ಬರುತ್ತಿತ್ತು. ಬೇಡವೆನ್ನಲು ದಾರಿಯೇ ಇರಲಿಲ್ಲ. ಅಪ್ಪನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳೋಣವೆಂದರೆ ಯಶ್ಮಿತಾ ಆಗಲೇ ಶೀನನ ಅಕ್ಕ ರತ್ನಾವತಿಗೂ ಫೋನು ಮಾಡಿಯಾಗಿತ್ತು. ಬೂಬ ನಾಲ್ಕು ದಿನ ಮೊದಲೇ ಕ್ಷೌರ ಮಾಡಿಸಿಕೊಂಡು, ಬಿಳಿ ಅಂಗಿ ತೆಗೆಸಿಟ್ಟು, ದಾರಿಯಲ್ಲಿ ಹೋಗುವವರಿಗೆಲ್ಲ ಸುದ್ದಿ ಹೇಳತೊಡಗಿದ. ಶೀನ ತನ್ನನ್ನೇ ಸಮಾಧಾನಪಡಿಸಿಕೊಂಡ. ಕಣ್ಣಿದ್ದವರಿಗೇ ಗೊತ್ತಾಗಿಲ್ಲ. ಯಶ್ಮಿತಾ ಕೈಯಲ್ಲಿ ಹಿಡಿದಿದ್ದಾಳೆ, ಅವಳಿಗೂ ಗೊತ್ತಾಗಿಲ್ಲ. ಅಪ್ಪನ ಕಣ್ಣು ಮಂಜು. ಒಮ್ಮೆ ಮನೆಗೆ ಬಂದರೆ ಸಾಕು, ಅದೇ ರಾತ್ರಿ ಬದಲಾಯಿಸಿಬಿಡಬಹುದು.

ಆದಿತ್ಯವಾರ ಮೂವತ್ತು ಜನ ಸೇರಿದ್ದರು. ಸರ್ವೋತ್ತಮರು ಕೋಲೂರಿಕೊಂಡು ಬಂದು ಬೂಬನ ಎದುರು ನಿಂತರು. "ಮರೆತೆ ಎಂದು ಹೇಳುವುದಿಲ್ಲ ಬೂಬ. ಕೊಡಲು ಮನಸ್ಸು ಬರಲಿಲ್ಲ. ಅಷ್ಟು ಚೆಂದ ಇತ್ತು" ಎಂದರು. ಯಶ್ಮಿತಾ ದೋಣಿಯನ್ನು ತಂದು ಮುದುಕನ ಮಡಿಲಲ್ಲಿಟ್ಟಳು. ಜನ ಚಪ್ಪಾಳೆ ತಟ್ಟಿದರು. ಶೀನನೂ ತಟ್ಟಿದ.

ಬೂಬನ ಬೆರಳುಗಳು ಮೂತಿಯಿಂದ ಹೊರಟು ಅಂಚು ಹಿಡಿದು ನಡೆದು, ಹೊಟ್ಟೆಯೊಳಗೆ ಇಳಿದು, ಅಲ್ಲಿ ನಿಂತವು. ಮತ್ತೆ ಹಿಂದಕ್ಕೆ ಹೋಗಿ ಅದೇ ಜಾಗವನ್ನು ಸವರಿದವು. ಮುದುಕನ ಮುಖ ಮೆಲ್ಲಗೆ ಅರಳಿತು. "ಇದು ನನ್ನದಲ್ಲ" ಎಂದ ಗಟ್ಟಿಯಾಗಿ. ಚಪ್ಪಾಳೆ ನಿಂತಿತು. ಸರ್ವೋತ್ತಮರು ಬಾಗಿ ನೋಡಿದರು, ಯಶ್ಮಿತಾ ಶೀನನ ಕಡೆ ತಿರುಗಿದಳು. ಬೂಬ ಮಾತು ಮುಂದುವರಿಸಿದ. "ಇಲ್ಲಿ ಮುಟ್ಟಿ ನೋಡು ಮಗಳೇ. ಕತ್ತಿಯ ಗೀರೆಲ್ಲ ನನ್ನ ಗೀರಿಗೆ ಉಲ್ಟಾ ಓರೆಯಾಗಿದೆ. ಇದು ಎಡಗೈಯವನು ಕೆತ್ತಿದ್ದು. ನಮ್ಮ ಮನೆಯಲ್ಲಿ ಎಡಗೈಯವನು ಶೀನನೊಬ್ಬನೇ. ಬರೆಯುವುದಕ್ಕೆ ಮಾಸ್ಟ್ರು ಹೊಡೆದು ಬಲಗೈ ಕಲಿಸಿದರು, ಕತ್ತಿ ಹಿಡಿಯುವುದಕ್ಕೆ ಯಾರೂ ಹೊಡೆಯಲಿಲ್ಲ." ಬೂಬ ಮಂಜುಗಣ್ಣನ್ನು ಎತ್ತಿ, ಎಲ್ಲರೂ ನೋಡುತ್ತಿದ್ದ ದಿಕ್ಕಿಗೇ ಮುಖ ಮಾಡಿ, ಜೀವಮಾನದಲ್ಲಿ ಮೊದಲ ಸಲ ಮಗನನ್ನು ಹೊಗಳಿದ. "ನನಗಿಂತ ಚೆಂದ ಮಾಡಿದ್ದೀಯಲ್ಲ ಶೀನ! ಯಾವಾಗ ಮಾಡಿದ್ದು ಮಾರಾಯ, ಹೇಳಲೇ ಇಲ್ಲ?"