ಮೋಟಾರಿನ ನಾಡಿ

“ಕಿಡಿ ಸರಿಯಾಗಿದೆ. ಪೆಟ್ರೋಲಿನಲ್ಲಿ ನೀರಿಲ್ಲ. ಮೋಟಾರನ್ನು ತಂಪಾಗಿಸುವ ನೀರು ಸರಾಗವಾಗಿ ಹರಿಯುತ್ತಿದೆ. ಆದರೆ ಆಗಾಗ ಒಂದು ಬಡಿತ ತಪ್ಪುತ್ತಿದೆ,” ಎಂದಿತು ನಾಡಿಬಿಲ್ಲೆ.

ಸಣ್ಣ ಹಪ್ಪಳದಷ್ಟು ಅಗಲದ ಆ ಬಿಲ್ಲೆ, ಪಂಜು ಮೊಗವೀರರ ದೋಣಿಯ ಹಿಂಬದಿಯಲ್ಲಿ, ಬಣ್ಣ ಕಳೆದುಕೊಂಡ ಮೋಟಾರಿನ ನೆತ್ತಿಗೆ ಅಂಟಿಕೊಂಡಿತ್ತು. ವಾರವಿಡೀ ಅದು ಹೇಳಿದ್ದು ಇದೇ ಮಾತು. ಯಾವ ಬಡಿತ, ಏಕೆ ತಪ್ಪುತ್ತಿದೆ ಎಂದು ಕೇಳಿದರೆ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತಿತ್ತು.

“ತಪ್ಪುದ್ ನಂಗೂ ಗೊತ್ತಿತ್ತ್. ಇಷ್ಟ್ ಹೇಳುಕೆ ಅಷ್ಟ್ ದೊಡ್ಡ ವಿಜ್ಞಾನ ಬೇಕಾ ಡಾಕ್ಟ್ರೆ?” ಎಂದರು ಪಂಜು.

ಡಾ. ಅಹಲ್ಯಾ ಶಾನುಭಾಗ ನಕ್ಕರು. ಬಿಲ್ಲೆಯನ್ನು ಕಂಡುಹಿಡಿದವರು ಅವರೇ. ಅದರ ತತ್ವ ಸರಳವಾದದ್ದು. ಓಡುವ ಯಂತ್ರದ ಪ್ರತಿಯೊಂದು ಭಾಗವೂ ತನ್ನದೇ ಲಯದಲ್ಲಿ ಲೋಹವನ್ನು ನಡುಗಿಸುತ್ತದೆ. ಕೈಗೆ ತಿಳಿಯದಷ್ಟು ಸೂಕ್ಷ್ಮವಾದ ಆ ನಡುಕಗಳನ್ನು ಬಿಲ್ಲೆ ಹೆಕ್ಕಿಕೊಂಡು, ತಾನು ಹಿಂದೆ ಕೇಳಿ ಕಲಿತ ಸಾವಿರಾರು ಮೋಟಾರುಗಳ ಲಯದೊಂದಿಗೆ ಹೋಲಿಸಿ, ಎಲ್ಲಿ ಕೆಟ್ಟಿದೆ ಎಂದು ಹೇಳುತ್ತದೆ. ನಾಡಿ ಹಿಡಿದು ಹೊಟ್ಟೆಯ ರೋಗ ಹೇಳುವ ಪಂಡಿತರ ಹಾಗೆ. ಪ್ರಯೋಗಾಲಯದಲ್ಲಿ ಅದು ಒಮ್ಮೆಯೂ ಎಡವಿರಲಿಲ್ಲ. ಪ್ರಯೋಗಾಲಯದಲ್ಲಿ ಎಡವುವುದು ಕಷ್ಟವೇ ಬಿಡಿ, ಅಲ್ಲಿ ಅಲೆಗಳಿರುವುದಿಲ್ಲ. ಅದಕ್ಕೇ ಅವರು ಬಿಲ್ಲೆಯನ್ನು ಗಂಗೊಳ್ಳಿಗೆ ತಂದು, ಊರಿನ ಅತಿ ಹಳೆಯ ಮೋಟಾರನ್ನು ಹುಡುಕಿಕೊಂಡು ಬಂದಿದ್ದರು.

ಆ ಕಾಲಕ್ಕೆ ಕರಾವಳಿಯ ದೋಣಿಗಳು ಹೆಚ್ಚುಕಡಿಮೆ ಎಲ್ಲವೂ ಬ್ಯಾಟರಿಯಿಂದ ಓಡುತ್ತಿದ್ದವು. ಪೆಟ್ರೋಲ್ ಮೋಟಾರನ್ನೇ ಉಳಿಸಿಕೊಳ್ಳುತ್ತೇನೆ ಎನ್ನುವ ಹಟಮಾರಿಗಳಿಗೆ ಸರಕಾರ ಒಂದು ಪರೀಕ್ಷೆ ಇಟ್ಟಿತ್ತು. ಇಳಿತದ ಹೊತ್ತಿನಲ್ಲಿ, ಹೊಳೆಯ ನೀರೆಲ್ಲ ಕಡಲಿಗೆ ನುಗ್ಗುವಾಗ, ಆ ಸೆಳೆತಕ್ಕೆ ಎದುರಾಗಿ, ಹೊಳೆ ಕಡಲು ಸೇರುವ ಅಳಿವೆಯನ್ನು ದಾಟಿ ಒಳಗೆ ಬರಬೇಕು. ನಡುವೆ ಹಿಂದೆ ಸರಿದರೆ ಮೋಟಾರು ಗುಜರಿಗೆ ಹೋಗುತ್ತದೆ. ಪಂಜು ಒಮ್ಮೆ ಹಿಂದೆ ಸರಿದಾಗಿತ್ತು. ಅಧಿಕಾರಿಗಳು ದಯೆತೋರಿ ಇನ್ನೊಂದು ಅವಕಾಶ ಕೊಟ್ಟಿದ್ದರು.

ಅರ್ಧ ಆಯುಸ್ಸು ಬೇರೆಯವರ ದೋಣಿಯಲ್ಲಿ ಬಲೆ ಎಳೆದ ಮೇಲೆ ಪಂಜುವಿಗೆ ಈ ಮೋಟಾರು ದಕ್ಕಿತ್ತು. ಅಂದಿನಿಂದ ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ಬಲೆ ಬಿಡಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೋಟಾರು ಹೋದರೆ ಮತ್ತೆ ದೊಡ್ಡ ಯಜಮಾನರ ದೋಣಿಯಲ್ಲಿ ಆಳಾಗಿ ನಿಲ್ಲಬೇಕು. ಕಡಲಿಗೆ ಹೆದರದ ಮನುಷ್ಯ ಅದಕ್ಕೆ ಮಾತ್ರ ಹೆದರುತ್ತಿದ್ದರು.

ಅವರು ಪ್ಲಗ್ ಬದಲಿಸಿದ್ದರು, ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದರು, ಪ್ರೊಪೆಲರ್‌ಗೆ ಸುತ್ತಿಕೊಂಡ ಬಲೆಯ ಎಳೆಗಳನ್ನು ಬಿಡಿಸಿ, ದೋಣಿಯ ತಳಕ್ಕೆ ಅಂಟಿದ ಚಿಪ್ಪುಗಳನ್ನೆಲ್ಲ ಕೆರೆದಿದ್ದರು. ಆದರೂ ಸ್ವಲ್ಪ ದೂರ ಹೋಗುವಷ್ಟರಲ್ಲಿ ದೋಣಿಯ ಓಟ ಕುಗ್ಗುತ್ತಿತ್ತು. ವಿಚಿತ್ರವೆಂದರೆ, ಅಹಲ್ಯಾ ತಾವೇ ಹ್ಯಾಂಡಲ್ ಹಿಡಿದು ಹೊಳೆಯಲ್ಲಿ ಒಂದು ಸುತ್ತು ಹಾಕಿದಾಗ ಮೋಟಾರು ಒಮ್ಮೆಯೂ ತಡವರಿಸಲಿಲ್ಲ.

“ನಾ ಕೂತ್ರೆ ಇದ್ಕ್ ಎಂತ ಸಿಟ್ಟ್ ಮಾರಾಯ್ರೆ?” ಪಂಜು ನಿಜವಾಗಿಯೂ ನೊಂದುಕೊಂಡರು.

ದಡದಲ್ಲಿ ಬಲೆ ಬಿಡಿಸುತ್ತಿದ್ದ ಹೆಂಡತಿ ಮೂಕಾಂಬು ತಲೆ ಎತ್ತಲಿಲ್ಲ. “ಹ್ವಾಯ್, ದಿನಾ ಅದ್ರ್ ಕೈಯಲ್ಲಿ ಜಗಳ ಮಾಡಿರೆ ಇನ್ನೆಂತ ಆತ್ತ್?”

ಅಹಲ್ಯಾರಿಗೆ ಕುತೂಹಲ ತಡೆಯಲಾಗಲಿಲ್ಲ. “ಪಂಜಣ್ಣ, ನಾಳೆ ನಾನೂ ನಿಮ್ಮ ಜೊತೆ ಮೀನಿಗೆ ಬರುತ್ತೇನೆ. ನಾನಿದ್ದೇನೆಂದು ಏನೂ ಬದಲಿಸಬೇಡಿ. ದಿನಾ ಹೇಗೆ ಹೋಗುತ್ತೀರೋ ಹಾಗೆಯೇ ಹೋಗಿ.”

ಮರುದಿನ ಅವರು ಕಂಡದ್ದು ಪ್ರಯೋಗಾಲಯದಲ್ಲಿ ಯಾರೂ ಊಹಿಸದ ಕ್ರಮ. ಒಬ್ಬರೇ ಮೀನಿಗೆ ಹೋಗುವವರಿಗೆ ಎರಡು ಕೈ ಸಾಲುವುದಿಲ್ಲ. ಹಾಗಾಗಿ ಪಂಜು ಮೋಟಾರಿನ ಹ್ಯಾಂಡಲ್‌ಗೆ ಉದ್ದನೆಯ ಕಬ್ಬಿಣದ ಪೈಪು ಸಿಕ್ಕಿಸಿ, ಅದನ್ನು ಎಡ ಕಂಕುಳಲ್ಲಿ ಪಕ್ಕೆಗೆ ಒತ್ತಿಕೊಂಡು ಕೂರುತ್ತಿದ್ದರು. ಓಡಿಸುವಾಗ ಕೈ ಪೈಪನ್ನು ತಿರುಚಿ ವೇಗ ಹಿಡಿದಿರುತ್ತಿತ್ತು. ಬಲೆ ಎಳೆಯುವಾಗ ಎರಡೂ ಕೈ ಬಲೆಗೆ. ದೋಣಿ ಅಡ್ಡ ತಿರುಗದಂತೆ ನೋಡಿಕೊಳ್ಳುವ ಕೆಲಸ ಪಕ್ಕೆಯದು.

ಬಲೆ ಬಿಟ್ಟ ಜಾಗ ಬಂತು. ಪಂಜು ಮೋಟಾರು ನಿಲ್ಲಿಸಿ ಬಲೆ ಎಳೆಯತೊಡಗಿದರು. ಬುಟ್ಟಿಗೆ ಬಂಗುಡೆ ಬೀಳುವ ಸದ್ದು ಬಿಟ್ಟರೆ ಕಡಲು ಶಾಂತವಾಗಿತ್ತು.

“ಒಂದು ಬಡಿತ ತಪ್ಪುತ್ತಿದೆ,” ಎಂದಿತು ಬಿಲ್ಲೆ.

ಪಂಜು ಜೋರಾಗಿ ನಕ್ಕರು. “ಕಾಣಿ ಡಾಕ್ಟ್ರೆ, ನಿಮ್ ಯಂತ್ರಕ್ಕೆ ಮರುಳ್ ಹಿಡಿತ್. ಮೋಟಾರ್ ನಿಲ್ಸಿ ಎಷ್ಟೊತ್ತಾಯ್ತ್!”

ಅಹಲ್ಯಾ ನಗಲಿಲ್ಲ. ನಿಂತ ಮೋಟಾರಿಗೆ ಬಡಿತ ಎಲ್ಲಿಂದ ಬರಬೇಕು? ಅವರ ದೃಷ್ಟಿ ಬಿಲ್ಲೆಯಿಂದ ಮೋಟಾರಿಗೆ, ಮೋಟಾರಿನಿಂದ ಪೈಪಿಗೆ, ಪೈಪಿನಿಂದ ಪಂಜುವಿನ ಪಕ್ಕೆಗೆ ಸರಿಯಿತು.

“ಪೈಪು ಬಿಟ್ಟು ಸ್ವಲ್ಪ ಆಚೆ ಕೂರಿ.”

ಪಂಜು ಸರಿದರು. “ಮೋಟಾರು ನಿಂತಿದೆ,” ಎಂದಿತು ಬಿಲ್ಲೆ.

“ಈಗ ಮತ್ತೆ ಒತ್ತಿಕೊಳ್ಳಿ.”

“ಒಂದು ಬಡಿತ ತಪ್ಪುತ್ತಿದೆ.”

ಅಹಲ್ಯಾ ಪಂಜುವಿನ ಮಣಿಕಟ್ಟು ಹಿಡಿದು ನಾಡಿ ನೋಡಿದರು. “ಪಂಜಣ್ಣ, ನಿಮಗೆ ಉಸಿರು ಕಟ್ಟುತ್ತದೆಯೇ? ಓಡಿಸುವಾಗ ಕೈ ಸೋತ ಹಾಗೆ ಆಗುತ್ತದೆಯೇ?”

ಪಂಜು ಬಲೆ ಕೆಳಗಿಟ್ಟರು. “ನಂಗ್ ಸುಸ್ತ್ ಅಂದ್ರೆ ಅವ್ಳ್ ಕಡ್ಲಿಗೆ ಬಿಡುದಿಲ್ಲೆ,” ಎಂದರು. “ಅದ್ಕೆ ಮೋಟಾರಿಗ್ ಸುಸ್ತ್ ಅಂತ ಹೇಳ್ತಾ ಬಂದೆ. ಹೇಳಿ ಹೇಳಿ ನಂಗೂ ಹಾಂಗೇ ಅನ್ಸಿತ್.”

ಎದೆಯ ಬಡಿತ ತಪ್ಪಿದಾಗಲೆಲ್ಲ ಅವರ ಹಿಡಿತ ಸಡಿಲವಾಗುತ್ತಿತ್ತು. ತಿರುಚಿದ ಪೈಪು ಅವರಿಗೆ ತಿಳಿಯದಂತೆ ಹಿಂದಕ್ಕೆ ಹೊರಳಿ, ದೋಣಿಯ ಓಟ ಕುಗ್ಗುತ್ತಿತ್ತು. ಮೋಟಾರಿನದು ಏನೇನೂ ತಪ್ಪಿರಲಿಲ್ಲ.

ಅಹಲ್ಯಾ ಅವರನ್ನು ದೋಣಿಯ ನಡುವೆ ಮಲಗಿಸಿ ತಾವೇ ಹ್ಯಾಂಡಲ್ ಹಿಡಿದರು. ಇಳಿತ ಶುರುವಾಗಿತ್ತು. ಕೆಟ್ಟದ್ದೆಂದು ಹೆಸರು ಹೊತ್ತ ಆ ಮೋಟಾರು ಸೆಳೆತಕ್ಕೆ ಎದುರಾಗಿ ಗಂಟಲು ಹರಿದು ಕೂಗುತ್ತಾ ಅಳಿವೆಯನ್ನು ದಾಟಿ ಒಳಗೆ ಬಂತು. ನೋಡಿ ಅಂಕ ಕೊಡಲು ಅಲ್ಲಿ ಯಾವ ಅಧಿಕಾರಿಯೂ ಇರಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಪಂಜುವಿನ ಎದೆಯ ಎಡಗಡೆ ಚರ್ಮದಡಿ, ಬಡಿತ ತಪ್ಪದಂತೆ ಕಾಯುವ ಪುಟ್ಟ ಯಂತ್ರವನ್ನು ಇಟ್ಟರು. ಮೂಕಾಂಬು ಮೊದಲು ಅತ್ತರು, ಆಮೇಲೆ ಗಂಡನಿಗೆ ಚೆನ್ನಾಗಿ ಬೈದರು. ಗಾಯ ಒಣಗಿ, ಕಡಲಿಗೆ ಹೋಗಬಹುದು ಎಂದು ಒಪ್ಪುವಾಗ ವೈದ್ಯರು ಒಂದೇ ಒಂದು ಷರತ್ತು ಹಾಕಿದರು: ಪೈಪನ್ನು ಇನ್ನು ಮುಂದೆ ಬಲಪಕ್ಕೆಗೇ ಒತ್ತಿಕೊಳ್ಳಬೇಕು. ಇತ್ತ ಅಹಲ್ಯಾ, ಒಂದರೊಳಗೊಂದು ಬೆರೆತ ಎರಡು ಬಡಿತಗಳನ್ನು ಬೇರೆ ಬೇರೆಯಾಗಿ ಕೇಳಲು ಬಿಲ್ಲೆಗೆ ಕಲಿಸಿದರು. ಎರಡನೆಯದು ಮನುಷ್ಯನದು ಎಂದು ಹೇಳಿಕೊಡುವುದು ಮಾತ್ರ ಗಡಿಬಿಡಿಯಲ್ಲಿ ಅವರಿಗೆ ಮರೆತುಹೋಯಿತು.

ಪರೀಕ್ಷೆಯ ದಿನ ಬಂತು. ಅಧಿಕಾರಿ ಪೀತಾಂಬರ ಹೆಗ್ಡೆಯವರು ಸ್ಥೂಲಕಾಯದವರು. ದೋಣಿಗಳು ನಿಲ್ಲುವ ಧಕ್ಕೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಎರಡು ಸಲ ನಿಂತು ಬೆವರು ಒರೆಸಿಕೊಂಡು ದೋಣಿ ಹತ್ತಿದರು. ಪಂಜು ಪೈಪನ್ನು ಬಲಪಕ್ಕೆಗೆ ಒತ್ತಿ ವೇಗ ಹಿಡಿದರು. ಕಡಲಿಗೆ ಹೋಗಿ ತಿರುಗಿದ ದೋಣಿ ಇಳಿತದ ಸೆಳೆತಕ್ಕೆ ಎದುರಾಗಿ ಅಳಿವೆಯ ಬಾಯಿಂದ ಒಳಗೆ ನುಗ್ಗಿ, ಒಮ್ಮೆಯೂ ಹಿಂದೆ ಸರಿಯದೆ ದಡ ಮುಟ್ಟಿತು. ಕಾದು ನಿಂತಿದ್ದ ಮೂಕಾಂಬು ಎರಡೂ ಕೈ ಎತ್ತಿ ಮುಗಿದರು.

ಆಗ ಬಿಲ್ಲೆ ಬಾಯಿ ಬಿಟ್ಟಿತು. “ಈ ದೋಣಿಯಲ್ಲಿ ಎರಡು ಮೋಟಾರುಗಳಿವೆ. ಎರಡೂ ಸರಿಯಾಗಿವೆ.”

ಹೆಗ್ಡೆಯವರ ಪೆನ್ನು ಅಲ್ಲೇ ನಿಂತಿತು. “ಎರಡು ಮೋಟಾರೇ? ನಿಮಗೆ ಪರವಾನಗಿ ಇರುವುದು ಒಂದಕ್ಕೆ. ಇನ್ನೊಂದನ್ನು ಎಲ್ಲಿ ಬಚ್ಚಿಟ್ಟಿದ್ದೀರಿ?”

ಪಂಜು ಅಂಗಿಯ ಗುಂಡಿ ಬಿಚ್ಚಿ ಎದೆಯ ಗಾಯದ ಗುರುತು ತೋರಿಸಿದರು. ಜೊತೆಗೆ ಬಂದಿದ್ದ ಅಹಲ್ಯಾ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ವಿವರಿಸಿದರು.

“ಅದ್ಕ್ ಪೆಟ್ರೋಲ್ ಬ್ಯಾಡ ಸಾರ್,” ಎಂದರು ಮೂಕಾಂಬು ದಡದಿಂದಲೇ. “ಬೆಳಿಗ್ಗೆ ಒಂದ್ ಬಟ್ಲ್ ಗಂಜಿ ಸಾಕ್.”

ಹೆಗ್ಡೆಯವರು ನಕ್ಕು, ತೇರ್ಗಡೆ ಎಂದು ಬರೆದು ಸಹಿ ಹಾಕಿದರು. ಆದರೆ ದೋಣಿಯಿಂದ ಇಳಿಯಲಿಲ್ಲ. ಧಕ್ಕೆಯ ಮೆಟ್ಟಿಲುಗಳನ್ನೊಮ್ಮೆ ನೋಡಿದರು. ಮತ್ತೆ ಪಂಜುವಿನ ಕಡೆ ತಿರುಗಿ, “ಸ್ವಲ್ಪ ಮೋಟಾರು ನಿಲ್ಲಿಸಿ,” ಎಂದು ತಗ್ಗಿದ ದನಿಯಲ್ಲಿ ಹೇಳಿ, ಪೈಪನ್ನು ತಮ್ಮ ಎಡ ಕಂಕುಳಿಗೆ ಸೇರಿಸಿ ಒತ್ತಿಕೊಂಡು, ಬಿಲ್ಲೆ ಏನು ಹೇಳುತ್ತದೋ ಎಂದು ಕಾಯುತ್ತಾ ಕೂತರು.